ನಲವತ್ತಮೂರು ಹಲ್ಲು

ಇವತ್ತು ಜಪಕ್ಕೆ ಕುಳಿತಾಗ ಬೀದಿಯಿಂದ ಗೇರ್ ಎಣ್ಣೆಯ ವಾಸನೆ ಬಂತು. ಕೇರಳದ ಆಲುವದಲ್ಲಿದ್ದ ಅಪ್ಪನ ವರ್ಕ್‌ಶಾಪ್ ನೆನಪಾಯಿತು.

ಅಪ್ಪನಿಗೆ ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ಜೀಪಿನ ಹಿಂದಿನ ಆಕ್ಸಲ್‌ಗೆ ಹಾಕುವ ಗೇರಿಗೂ ಮುಂದಿನದರಷ್ಟೇ, ನಲವತ್ತಮೂರು ಹಲ್ಲಿರಬೇಕು. ಲೆಕ್ಕ ತಪ್ಪಿದರೆ, ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವಾಗ ಹಿಂದಿನವೂ ಮುಂದಿನವೂ ಬೇರೆಬೇರೆ ವೇಗದಲ್ಲಿ ತಿರುಗಿ ಗಾಡಿ ಬಿಗಿದುಕೊಳ್ಳುತ್ತದೆ. ಎಣಿಸುವುದು ನನ್ನ ಕೆಲಸ.

"ಮೊದಲಿನ ಹಲ್ಲಿಗೆ ಚಾಕ್ ಹಾಕು ಮಾರಾಯ್ತಿ," ಎಂದರು ಅಪ್ಪ.

"ಮೋಳೇ, ನೀನು ಎಣಿಸುವಾಗ ಚಾಕ್ ಯಾಕೆ?" ನನ್ನನ್ನು ಮಗಳೇ ಎಂದು ಮಲಯಾಳದಲ್ಲಿ ಕರೆಯುತ್ತಿದ್ದ, ಆ ಜೀಪಿನ ಡ್ರೈವರ್ ರಾಘವೇಟ್ಟನ್ ನಕ್ಕರು.

ನಾನು ಹಾಕಲಿಲ್ಲ. ಸುತ್ತು ಮುಗಿದದ್ದು ತಿಳಿಯದೆ ನಾಲ್ಕು ಹಲ್ಲು ಎರಡು ಸಲ ಎಣಿಸಿ, "ನಲವತ್ತಮೂರು" ಎಂದೆ.

ಮೂರನೇ ದಿನ ಘಾಟಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಗೇರ್ ಹಾಕಿದೊಡನೆ ಜೀಪು ಬಿಗಿದುಕೊಂಡು ಕಂದಕಕ್ಕೆ ಬಿತ್ತು. ರಾಘವೇಟ್ಟನ್ ಉಳಿಯಲಿಲ್ಲ.

ಬಿಚ್ಚಿ ತಂದ ಗೇರನ್ನು ಅಪ್ಪ ಬೆರಳಲ್ಲಿ ತಡವಿ ಎಣಿಸಿದರು. ಮೂವತ್ತೊಂಬತ್ತು. ವಿಚಾರಿಸಲು ಬಂದವರಿಗೆ, "ಎಣಿಸಿದ್ದು ನಾನೇ," ಎಂದರು. ತಾವು ಸಾಯುವ ತನಕ ನನಗೆ ಒಂದು ಮಾತೂ ಅನ್ನಲಿಲ್ಲ.

ಜಪಮಾಲೆ ಇವತ್ತೂ ಮೂವತ್ತೊಂಬತ್ತನೆಯ ಮಣಿಯಲ್ಲಿ ನಿಂತಿತು.