ಕ್ಲಿಕ್ಕಕ್ಕ ಮತ್ತು ದೊಡ್ಡವರ ಸೀಟು

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅರವತ್ತು ಜನ ಅಪರಿಚಿತರ ಫೋಟೋ ತೆಗೆದೆ. ತಪ್ಪು ನನ್ನದಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ, ಕೇಳುವವರಿಲ್ಲ, ಅಷ್ಟೇ.

ಪಾರ್ಕಿನ ರೋಲರ್ ಕೋಸ್ಟರ್ ಬಂದು ನಿಲ್ಲುವ ಕಟ್ಟೆಯ ಮೇಲೆ, ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ ಅಕ್ಕ ಹೇಳಿದ್ದು ಇಷ್ಟು: "ನೋಡು ತಮ್ಮಾ, ಒಬ್ಬೊಬ್ಬರಿಗೂ ಮೂರು ಕ್ಲಿಕ್ ಆಗ್ಲೇಬೇಕು. ಆಗದೆ ಗಾಡಿ ಬಿಡೋ ಹಾಗಿಲ್ಲ."

ನಾನು ಜೇಬಿನಿಂದ ಫೋನ್ ತೆಗೆದೆ. ಎದುರಿನಿಂದ ಒಂದು, ಎಡದಿಂದ ಒಂದು, ಬಲದಿಂದ ಒಂದು. ಜನರೂ ಚೆನ್ನಾಗಿ ಸಹಕರಿಸಿದರು. ಒಬ್ಬ ಅಜ್ಜಿ "ತಡಿಯಪ್ಪ" ಎಂದು ಕೂದಲು ಸರಿಮಾಡಿಕೊಂಡರು. ಇಪ್ಪತ್ತು ಸೀಟಿನ ಗಾಡಿ ಮೂರನೇ ಸಲ ಹೊರಡುವ ಹೊತ್ತಿಗೆ ಅಕ್ಕ ಬಂದು ನನ್ನ ಫೋನನ್ನೂ ಮುಖವನ್ನೂ ನೋಡಿದರು. ಕಲಿಯುವ ದಿನವಾದ್ದರಿಂದ ಪುಣ್ಯಕ್ಕೆ ಸೀಟುಗಳನ್ನೆಲ್ಲ ಅವರೇ ನೋಡುತ್ತಿದ್ದರು.

"ಏನು ಫೋಟೋಗ್ರಾಫರ್ರೇ, ಮದುವೆ ಯಾರದು?"

ಕ್ಲಿಕ್ ಎಂದರೆ ತೊಡೆಯ ಮೇಲೆ ಬಂದು ಕೂರುವ ಕಂಬಿಯ ಸದ್ದು ಎಂದು ಆಮೇಲೆ ತಿಳಿಯಿತು. ಕಂಬಿ ಇಳಿಯುತ್ತಾ ಬುಡದ ಹಲ್ಲುಚಕ್ರದಲ್ಲಿ ಹಲ್ಲಿನಿಂದ ಹಲ್ಲಿಗೆ ಬೀಳುತ್ತದೆ. ಮೂರನೇ ಹಲ್ಲಿಗೆ ಬಿದ್ದರೆ ಮನುಷ್ಯ ಅಲುಗಾಡುವುದಿಲ್ಲ. "ಎರಡಕ್ಕೇ ಬಿಟ್ಟೆ ಅಂದ್ಕೋ, ಅವರು ಗಾಳೀಲಿ ಹೋಗ್ತಾರೆ, ನೀನು ಬೇರೆ ಕಂಬಿ ಎಣಿಸ್ತೀಯ" ಎಂದರು ಅಕ್ಕ. ಅಂದಿನಿಂದ ನನ್ನ ಹೆಸರು ಫೋಟೋಗ್ರಾಫರ್. ಅವರ ಹೆಸರು ಮೊದಲಿನಿಂದಲೂ ಕ್ಲಿಕ್ಕಕ್ಕ.

ಅವರಿಗೆ ನಲವತ್ತೆಂಟು ವರ್ಷ. ಆಳು ದೊಡ್ಡವರು; ಬಾಗಿಲಲ್ಲಿ ನಿಂತರೆ ಬಾಗಿಲು ಹಾಕಿದ ಹಾಗೆ. ಇದು ನನ್ನ ಮಾತಲ್ಲ, ಅವರದೇ. ಮೊದಲ ಎಂಟು ವರ್ಷ ಕಳೆದುಹೋದ ವಸ್ತುಗಳ ಕಿಟಕಿಯಲ್ಲಿ ಕೂತು ಜನರ ಕನ್ನಡಕ, ಚಪ್ಪಲಿ, ಎರಡು ಸಲ ಹಲ್ಲುಸೆಟ್ಟು ವಾಪಸು ಕೊಟ್ಟವರು. ಹದಿನೇಳು ವರ್ಷದ ಹಿಂದೆ ಅವರನ್ನು ಕಟ್ಟೆಗೆ ಕರೆತಂದದ್ದು ಅವರ ಕಿವಿ. ಇಪ್ಪತ್ತು ಜನರ ಕಿರುಚಾಟದ ನಡುವೆಯೂ ಏಳನೇ ಸೀಟಿನಲ್ಲಿ ಎರಡೇ ಕ್ಲಿಕ್ಕಾಯಿತೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ. ಪೆನ್ನಿನ ಮುಚ್ಚಳ ಹಾಕಿದರೂ ಅಮ್ಮ ಎಣಿಸುತ್ತಾಳೆ ಎಂದು ಅವರ ಮಗಳು ದೂರುತ್ತಾಳೆ.

ಒಂದು ಭಾನುವಾರ ಭಾರೀ ಗಾತ್ರದ ಒಬ್ಬರು ತಮ್ಮ ಎರಡು ಹೆಣ್ಣುಮಕ್ಕಳೊಂದಿಗೆ ಒಂದು ಗಂಟೆ ಸಾಲಿನಲ್ಲಿ ನಿಂತು ಬಂದರು. ಕಂಬಿ ಹೊಟ್ಟೆಗೆ ತಾಗಿ ಎರಡಕ್ಕೇ ನಿಂತಿತು. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ನಾನು ಮೊಣಕಾಲು ಕೊಟ್ಟು ಒತ್ತಲು ಹೋದೆ.

"ತೆಗಿಯೋ ಕಾಲು! ಅವರೇನು ಸೂಟ್‌ಕೇಸಾ?" ಅಕ್ಕ ಗದರಿದರು. ಕಂಬಿ ತೊಡೆಯ ಮೇಲೆ ಕೂರಬೇಕೇ ಹೊರತು ಹೊಟ್ಟೆಯ ಮೇಲಲ್ಲ. ಹೊಟ್ಟೆಯನ್ನು ಒತ್ತಿ ಗಿಟ್ಟಿಸಿದ ಕ್ಲಿಕ್ಕು ಮೊದಲ ತಿರುವಿನಲ್ಲೇ ಮೋಸ ಮಾಡುತ್ತದೆ. ಆ ಮನುಷ್ಯ ಇಳಿದರು. ಸಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಮಕ್ಕಳು ನಗಲಿಲ್ಲ.

"ಆ ನಗು ಕೇಳಿದ್ಯಾ?" ಎಂದರು ಅಕ್ಕ. "ಹದಿನೇಳು ವರ್ಷದಿಂದ ಕೇಳ್ತಿದೀನಿ. ಸಾಕಾಗೋಯ್ತು."

ಮರುವಾರ ಸಾಲು ಶುರುವಾಗುವ ಜಾಗದಲ್ಲೇ ಒಂದು ಹಳೆಯ ಸೀಟು ಬಂದು ಕೂತಿತು. ಅದರ ಸುತ್ತ ಪರದೆ. ಅಕ್ಕನ ಯಜಮಾನರು ದರ್ಜಿ. ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಮೂಲೆಯ ಪರದೆಯನ್ನೇ ಬಿಚ್ಚಿ ಕೊಟ್ಟಿದ್ದರು. "ನಮ್ಮನೇಲಿ ಅಳತೆ ಬರ್ಕೊಳ್ತಾರೆ, ಕೂಗಿ ಹೇಳಲ್ಲ" ಎಂದರು ಅಕ್ಕ. ಬೇಕಾದವರು ಒಳಗೆ ಹೋಗಿ ಕೂತು ಕ್ಲಿಕ್ ಎಣಿಸಿಕೊಂಡು, ಆಗದಿದ್ದರೆ ಸದ್ದಿಲ್ಲದೆ ಬೇರೆ ಆಟಕ್ಕೆ ಹೋಗಬಹುದು.

ಅಕ್ಕ ಅಷ್ಟಕ್ಕೇ ಸುಮ್ಮನಾಗುವವರಲ್ಲ. ಮ್ಯಾನೇಜರ್ ಸಾಹೇಬರ ಹಿಂದೆ ಆರು ತಿಂಗಳು ಬಿದ್ದು, ಗಾಡಿ ಮಾಡಿದ ಕಂಪನಿಯ ಇಂಜಿನಿಯರನ್ನೇ ಕರೆಸಿ, ಕೊನೆಯ ಡಬ್ಬಿಗೆ ಎರಡು ಅಗಲದ ಸೀಟು ಹಾಕಿಸಿದರು. ತಳ ತಗ್ಗು, ಕಂಬಿಯ ಆಕಾರ ಬೇರೆ, ಜೊತೆಗೊಂದು ಉದ್ದದ ಬೆಲ್ಟು. ಮರಳಿನ ಮೂಟೆ ಕೂರಿಸಿ ವಾರವಿಡೀ ಓಡಿಸಿ, ಇಂಜಿನಿಯರ್ ಸಹಿ ಹಾಕಿದ. ಸಾಹೇಬರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಯಾರ್ರೀ ಕೂರ್ತಾರೆ? ಶನಿವಾರ ಸಂಜೆ ಆರರೊಳಗೆ ಅಂಥವರು ಒಬ್ಬರಾದ್ರೂ ಕೂರದಿದ್ರೆ ಸೋಮವಾರ ಹಳೇ ಸೀಟು ವಾಪಸ್" ಎಂದು ಬಿಟ್ಟರು.

ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಪ್ಪ ಎಂದು ಬರೆಯಲು ಮನಸ್ಸಾಗಲಿಲ್ಲ. ಅರ್ಧ ಗಂಟೆ ಪೆನ್ನು ಕಚ್ಚಿ, ಬಹಳ ನಾಜೂಕಿನಿಂದ ಬರೆದೆ: "ಕೊನೆಯ ಡಬ್ಬಿ ದೊಡ್ಡವರಿಗೆ ಮೀಸಲು."

ಶನಿವಾರ ಬೆಳಿಗ್ಗೆ ಮೊದಲು ಬಂದವರು ಎಂಬತ್ತೊಂದು ವರ್ಷದ ಒಬ್ಬ ಅಜ್ಜ, ಕಡ್ಡಿಯಂತಿದ್ದರು. "ಇಲ್ಲಿ ನನಗಿಂತ ದೊಡ್ಡವರು ಯಾರಿದಾರೆ ಹೇಳಿ" ಎಂದರು. ಅವರ ಹಿಂದೆಯೇ ಸಫಾರಿ ಸೂಟಿನವರೊಬ್ಬರು: "ನಾನ್ಯಾರು ಗೊತ್ತೇನಯ್ಯಾ?" ಗೊತ್ತಿಲ್ಲ ಎಂದೆ, ಅದು ಇನ್ನೂ ದೊಡ್ಡ ತಪ್ಪಾಯಿತು. ಒಬ್ಬ ದಢೂತಿ ಗಂಡ ಹೆಂಡತಿಗೆ "ನೋಡೇ, ದೊಡ್ಡ ಮನುಷ್ಯರಿಗೇ ಬೇರೆ ಸೀಟು. ಎಲ್ಲಾ ಕಡೆ ಇದೇ ಆಯ್ತು" ಎಂದು ಗೊಣಗಿ, ತಾನೇ ಕೂರಬೇಕಾಗಿದ್ದ ಸೀಟನ್ನು ದುರುಗುಟ್ಟಿ ನೋಡಿ ಹೊರಟುಹೋದ. ಯಾರಿಗಾಗಿ ಸೀಟು ಹಾಕಿಸಿದ್ದೋ ಅವರೆಲ್ಲ ಬೋರ್ಡು ಓದಿ ದಾರಿ ಬಿಟ್ಟು ಸರಿದರು.

ಸಂಜೆ ಐದಕ್ಕೆ ಅಕ್ಕ ಬಂದು ಬೋರ್ಡು ಓದಿದರು. ಇನ್ನೊಮ್ಮೆ ಓದಿದರು.

"ಫೋಟೋಗ್ರಾಫರ್ರೇ, ಇದೇನು ನ್ಯಾಯಾಧೀಶರ ಕುರ್ಚಿನಾ?"

ಬೋರ್ಡು ಕಿತ್ತು ಹಿಂದಕ್ಕೆ ತಿರುಗಿಸಿ, ಅಕ್ಕ ಅಗಲಕ್ಷರದಲ್ಲಿ ಬರೆದರು: "ನನ್ನಂಥವರಿಗೆ ಇಲ್ಲಿ ಸೀಟಿದೆ." ಅದನ್ನು ತಾವೇ ಹಿಡಿದು ನಿಂತರು. ಐದೂ ಮುಕ್ಕಾಲಾಯಿತು. ಸಾಹೇಬರು ಕೈಗಡಿಯಾರ ನೋಡುತ್ತಾ ಕಟ್ಟೆ ಹತ್ತಿದರು. "ಯಾರೂ ಬರ್ಲಿಲ್ಲ ಅಲ್ವಾ? ನಾನು ಅವತ್ತೇ ಹೇಳಿದ್ದೆ."

ಅಕ್ಕ ಒಂದು ಕ್ಷಣ ಹಳಿಯ ಎತ್ತರವನ್ನು ನೋಡಿದರು. ಬೋರ್ಡನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಬಿಟ್ಟು, ಕೊನೆಯ ಡಬ್ಬಿಯಲ್ಲಿ ಹೋಗಿ ಕೂತರು. ಕಂಬಿಯನ್ನು ನಾನೇ ಇಳಿಸಿದೆ, ಕೈಯಿಂದ. ಕ್ಲಿಕ್. ಕ್ಲಿಕ್. ಸಾಲು ಕತ್ತು ಚಾಚಿತು. ಕ್ಲಿಕ್. ಬೆಲ್ಟು ಹಾಕಿ ಎಳೆದು ನೋಡಿದೆ. ಹಸಿರು ದೀಪ ಹತ್ತಿತು.

ಗಾಡಿ ಹೋಯಿತು. ಮೇಲಿನಿಂದ ಅಕ್ಕನ ದನಿ ಒಂದೇ ಕೇಳಿಸಿತು. ಉಳಿದ ಹತ್ತೊಂಬತ್ತು ಜನ ಕಿರುಚಿದ್ದರೆ ಅದು ಅವರಿಗೆ ಮಾತ್ರ ಗೊತ್ತು. ಗಾಡಿ ಬಂದು ನಿಲ್ಲುವುದರೊಳಗೆ ಕಟ್ಟೆಯ ಮೇಲೆ ಭುಜ ಅಗಲದ ಒಬ್ಬ ಲಾರಿ ಡ್ರೈವರು, ಅವರ ಹಿಂದೆ ಗುಂಡಗಿನ ಒಬ್ಬ ಟೀಚರು ನಿಂತಿದ್ದರು. "ನಮಗೂ ಆಗುತ್ತೇನಪ್ಪಾ?" ಇಬ್ಬರಿಗೂ ಮೂರು ಕ್ಲಿಕ್ಕಾಯಿತು. ಸಾಹೇಬರು ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡು ಇಳಿದುಹೋದರು. ಸೀಟು ಉಳಿಯಿತು.

ಅಕ್ಕ ಕಂಬ ಹಿಡಿದು ನಿಂತಿದ್ದರು, ಮುಖ ಸುಣ್ಣದ ಹಾಗೆ. ನಾನೋ, ಕಣ್ಣಂಚು ಒದ್ದೆ ಮಾಡಿಕೊಂಡು, ಕೇಳಬಾರದ್ದನ್ನು ಕೇಳಿದೆ: "ಅಕ್ಕಾ, ಹದಿನೇಳು ವರ್ಷ ಆಸೆ ಅದುಮಿಕೊಂಡು ಇಲ್ಲೇ ನಿಂತಿದ್ರಿ, ಅಲ್ವಾ? ನಿಮಗೋಸ್ಕರಾನೇ ತಾನೇ ಇಷ್ಟೆಲ್ಲಾ ಗುದ್ದಾಡಿದ್ದು?"

"ಆಸೆನಾ? ಎತ್ತರ ಅಂದ್ರೆ ನಂಗೆ ಪ್ರಾಣ ಹೋಗುತ್ತೆ ಕಣೋ. ಇಷ್ಟು ದಿನ ಸೀಟು ಸಾಲಲ್ಲ ಅಂತ ಒಂದು ನೆಪ ಇತ್ತು, ಅದನ್ನೂ ಕೈಯಾರೆ ಕಳ್ಕೊಂಡೆ. ಚಪ್ಪಲಿ ಕೊಡು ಇಲ್ಲಿ."