ಹನ್ನೊಂದಾದ ಮೇಲಿನ ಹನ್ನೆರಡು

ಕಳೆದ ವಾರ ಬೀರು ತೆಗೆದಾಗ ಅಡಿಯಲ್ಲಿದ್ದ ಹಸಿರು ಸೀರೆಯೊಂದು ಕೈಗೆ ಸಿಕ್ಕಿತು. ನುಸಿಗುಳಿಗೆಯ ವಾಸನೆ. ಸೆರಗಿಗೆ ಕೆಂಪು ರೇಷ್ಮೆಯ ಕುಚ್ಚು, ಗಂಟುಗಳ ನಡುವೆ ಸಾಸಿವೆಯಷ್ಟು ಚಿಕ್ಕ ಮಣಿ. ಭದ್ರಾವತಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅತ್ತೆ ಕಟ್ಟಿಕೊಟ್ಟದ್ದು. ಅವರನ್ನು ನೆನೆದರೆ ಬೇರೆಯವರಿಗೆ ಕಣ್ಣೀರು ಬರಬಹುದು. ನನಗೆ ಸಿಟ್ಟು ಬರುತ್ತದೆ.

ಸಂಬಂಧದಲ್ಲಿ ಅತ್ತೆಯೇನಲ್ಲ; ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಕುಚ್ಚು ಕಟ್ಟಿಯೇ ಮನೆ ನಡೆಸಿದವರು. ಕಿಟಕಿಯ ಸರಳಿಗೆ ಸೆರಗು ಕಟ್ಟಿಕೊಂಡು, ಕಾಲು ಚಾಚಿ ಕೂತು, ಹೋಗುವವರನ್ನೆಲ್ಲ ಮಾತಾಡಿಸುತ್ತ ಕೆಲಸ ಮಾಡುವರು. ಬಾಯಿ ಜೋರು. ಕೊಳೆತ ಟೊಮೆಟೊ ಕೊಟ್ಟವನನ್ನು ಇಡೀ ಬೀದಿಗೆ ಕೇಳುವಂತೆ ಬೈದು, ಆಮೇಲೆ ಅವನಿಗೇ ಕಾಫಿ ಕೊಡುವರು. ಒಂದು ಕಣ್ಣು ಚಿಕ್ಕಂದಿನಿಂದಲೇ ಮಂಜು. ಇನ್ನೊಂದರಲ್ಲೇ ಆ ಮಣಿಗಳನ್ನು ಪೋಣಿಸುತ್ತಿದ್ದರು…

ಒಂದು ದಿನ ಆ ಕಣ್ಣಿಗೂ ಅಂಚಿನಿಂದ ಕಪ್ಪು ಇಳಿಯತೊಡಗಿತು. ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಪರದೆ ಕಿತ್ತುಬರುತ್ತಿದೆ, ತಡಮಾಡುವ ಹಾಗಿಲ್ಲ ಎಂದರು. ಆಪರೇಷನ್ ಮಾಡುವ ಡಾಕ್ಟರು ವಾರಕ್ಕೊಮ್ಮೆ ಹೊರಗಿನಿಂದ ಬರುವವರು. ಅದೃಷ್ಟಕ್ಕೆ ಮರುದಿನವೇ ಬರುವವರಿದ್ದರು. ಕೌಂಟರಿನ ಹುಡುಗಿ ಚೀಟಿಯನ್ನು ತಲೆಯೆತ್ತದೆ ಓದಿ ಹೇಳಿದಳು: ಆಪರೇಷನ್ ಮೂರು ಪಿಎಂ, ಹನ್ನೆರಡು ಎಎಂ ಆದ ಮೇಲೆ ನೀರೂ ಕುಡಿಯಬಾರದು.

ಮರುದಿನ ಅತ್ತೆ ಹನ್ನೊಂದಕ್ಕೆ ಅವಲಕ್ಕಿ ತಿಂದು, ಕಾಫಿ ಕುಡಿದು ಹೊರಟು ನಿಂತಿದ್ದರು. "ಹನ್ನೆರಡರೊಳಗೇ ಮುಗಿಸಿದೀನಿ ಮಾರಾಯ್ತಿ, ಇನ್ನು ಒಂದು ಗುಟುಕು ನೀರೂ ಇಲ್ಲ" ಎಂದರು. ನಾನೂ ಅದನ್ನು ಹಗಲಿನ ಹನ್ನೆರಡೆಂದೇ ತಿಳಿದಿದ್ದೆ. ಬಸ್ಸಿನಲ್ಲಿ ಬಾಯಿ ಒಣಗಿದರೂ ಅತ್ತೆ ಬಾಟಲಿ ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ತಿಂಡಿಯ ವಿಷಯ ಕೇಳಿದ್ದೇ ನರ್ಸ್ ಸಿಡುಕಿದಳು. "ಎಎಂ ಅಂದ್ರೆ ರಾತ್ರಿ ಹನ್ನೆರಡು ಕಣಮ್ಮ. ಇವತ್ತು ಆಗಲ್ಲ, ಮುಂದಿನ ವಾರ ಬನ್ನಿ."

"ಹನ್ನೊಂದು ಎಎಂ ಆದ್ಮೇಲೆ ಬರೋ ಹನ್ನೆರಡು ಪಿಎಂ ಹೆಂಗಾಯ್ತಮ್ಮ?" ಎಂದು ಅತ್ತೆ ಕೇಳಿದರು. "ರಾತ್ರಿ ಅಂತ ಬರೆಯೋಕೆ ಏನು ಕಷ್ಟ ನಿಮಗೆ? ಎರಡೇ ಅಕ್ಷರ!"

"ಎಲ್ಲಾ ಕಡೆ ಹಿಂಗೇ ಬರೆಯೋದು. ನೀವು ತಿಳ್ಕೊಂಡು ಬರಬೇಕಿತ್ತು."

ಹೊಟ್ಟೆ ಖಾಲಿಯಾಗುವವರೆಗೆ ಕಾಯುತ್ತೇವೆ ಎಂದು ಅಂಗಲಾಚಿದೆ. ಡಾಕ್ಟರು ಸಂಜೆ ಸೋಗಾನೆಯಲ್ಲಿ ವಿಮಾನ ಹತ್ತಬೇಕಂತೆ.

ಮರುದಿನ ಮಂಗಳೂರಿಗೆ ಓಡಿದೆವು. ಅಲ್ಲಿ ಆಪರೇಷನ್ ಆಯಿತು. ಆದರೆ ಅಷ್ಟರಲ್ಲಿ ಪರದೆಯ ನಡುಭಾಗವೂ ಕಿತ್ತುಹೋಗಿತ್ತು. "ನಿನ್ನೆಯೇ ಆಗಿದ್ದರೆ ಉಳಿಯುತ್ತಿತ್ತು" ಎಂದರು ಅಲ್ಲಿನ ಡಾಕ್ಟರು. ಅತ್ತೆಗೆ ಬೆಳಕು ಕತ್ತಲೆ ತಿಳಿಯುತ್ತಿತ್ತು, ಎದುರು ನಿಂತವರ ಮುಖ ತಿಳಿಯುತ್ತಿರಲಿಲ್ಲ.

ಶಿವಮೊಗ್ಗಕ್ಕೆ ಹೋಗಿ ಜಗಳವಾಡಿದೆ. ಯಾರೂ ತಪ್ಪು ಒಪ್ಪಿಕೊಳ್ಳಲಿಲ್ಲ, ಕೂರಲು ಕುರ್ಚಿ ಮಾತ್ರ ಕೊಟ್ಟರು. ಅದಕ್ಕಿಂತ ನನ್ನನ್ನು ಸುಟ್ಟದ್ದು ನಮ್ಮ ಬೀದಿಯವರ ಮಾತು. ಸರಿಯಾಗಿ ಕೇಳಿಕೊಳ್ಳಬೇಕಿತ್ತು, ಓದಿದವರ ಹತ್ತಿರ ತೋರಿಸಬೇಕಿತ್ತು… ಕೇಳಿ ಕೇಳಿ ಅತ್ತೆಯೂ ಅದನ್ನೇ ನಂಬಿದರು. ತರಕಾರಿಯವನನ್ನು ಬೈಯುವುದನ್ನೂ ಬಿಟ್ಟರು. ನಾನು ಮಾತೆತ್ತಿದರೆ "ನಂದೇ ತಪ್ಪು ಬಿಡು ಪುಟ್ಟಿ" ಅನ್ನುವರು. ಯಾವ ತಪ್ಪು ಅತ್ತೆ? ಹನ್ನೊಂದಾದ ಮೇಲೆ ಹನ್ನೆರಡು ಬರುತ್ತದೆ ಎಂದುಕೊಂಡದ್ದೇ?

ಹೋದ ವರ್ಷ ಅವರು ತೀರಿಕೊಂಡರು.

ಮೊನ್ನೆ ಅಮ್ಮನ ರಕ್ತಪರೀಕ್ಷೆಗೆಂದು ಶಿವಮೊಗ್ಗದ ಲ್ಯಾಬಿಗೆ ಹೋದಾಗ ಚೀಟಿಯಲ್ಲಿ ಅದೇ ಬರಹ, ಅದೇ ಹನ್ನೆರಡು ಎಎಂ. ಹಗಲೋ ರಾತ್ರಿಯೋ ಬರೆದುಕೊಡಿ ಎಂದೆ. "ಎಎಂ ಅಂತ ಇದೆಯಲ್ಲ ಮೇಡಂ" ಎಂದು ಕೌಂಟರಿನವನು ನಕ್ಕ. ನಾನು ಎಷ್ಟು ಜೋರಾಗಿ ಕೂಗಿದೆನೋ, ಸಾಲಿನಲ್ಲಿದ್ದವರು ಹಿಂದೆ ಸರಿದರು. ಅವನು ಗೊಣಗುತ್ತ 'ರಾತ್ರಿ' ಎಂದು ಬರೆದ. ಒಂದು ಗಳಿಗೆಯ ಕೆಲಸ.

ಹೊರಗೆ ಬಂದು ಆ ಎರಡು ಅಕ್ಷರಗಳನ್ನು ಮತ್ತೊಮ್ಮೆ ಓದಿದೆ. ತಪ್ಪು ನಿಮ್ಮದಲ್ಲ ಎಂದು ಅತ್ತೆಯನ್ನು ಒಪ್ಪಿಸಲು ನನ್ನಿಂದ ಕೊನೆಗೂ ಆಗಲಿಲ್ಲ.