ಅಪ್ಪ ಕಾರಿನ ಕೀ ತೆಗೆದ ದಿನ

ಎಣ್ಣೆಯ ಬೆಲೆ ಬಿದ್ದು, ಗಲ್ಫಿನ ದಾರ್ಸೈಟಿನಲ್ಲಿದ್ದ ನಮ್ಮ ಕಟ್ಟಡದಿಂದ ತಿಂಗಳಿಗೊಂದು ಸಂಸಾರ ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಿದ್ದ ವರ್ಷಗಳವು. ನನಗಾಗ ಹತ್ತು ವರ್ಷ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಲಗೋರಿ ಆಡಲು ಎರಡು ತಂಡಕ್ಕಾಗುವಷ್ಟು ಮಕ್ಕಳೂ ಉಳಿದಿರಲಿಲ್ಲ.

ಉಡುಪಿ ಕಡೆಯವರಾದ ಅಪ್ಪ ಗ್ಯಾರೇಜೊಂದರಲ್ಲಿ ಹೆಡ್ ಮೆಕ್ಯಾನಿಕ್. ಅದರ ಯಜಮಾನ ಸಾಲೆಹ್, ಅಪ್ಪನ ವೀಸಾಕ್ಕೆ ಹೊಣೆಯಾದ ಕಫೀಲ್. ಕೆಲಸವಿಲ್ಲದೆ ಬಣಗುಟ್ಟುತ್ತಿದ್ದ ಗ್ಯಾರೇಜಿಗೆ ಹೆಸರು ಬರಲೆಂದು ಅವರು ಆ ಚಳಿಗಾಲದ ಕಾರ್ ರೇಸಿಗೆ ತಮ್ಮ ಸ್ವಂತ ತಮ್ಮನನ್ನೇ ಇಳಿಸಿದರು. ರಸ್ತೆಯಲ್ಲಿ ಓಡುವಂಥದ್ದೇ ಕಾರು. ಹಿಂದಿನ ಸೀಟು ಕಿತ್ತು, ಒಳಗೆ ಆಸರೆಗೆ ಕಬ್ಬಿಣದ ಕೊಳವೆ ಬೆಸೆದು, ಅಪ್ಪ ಎರಡು ತಿಂಗಳು ಅದರ ಎಂಜಿನ್ನಿಗೇ ಅಂಟಿಕೊಂಡಿದ್ದರು. ಅವರು ಮನೆಗೆ ಬಂದರೆ ಗ್ರೀಸಿನ ವಾಸನೆ ಅಡುಗೆಮನೆವರೆಗೂ ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾನೂ ಅಮ್ಮನೂ ಚಿತ್ರಾನ್ನದ ಡಬ್ಬಿಯೊಂದಿಗೆ ಹೋದೆವು. ಊರಾಚೆಯ ಬಯಲಿನಲ್ಲಿ ಮೊಟ್ಟೆಯಾಕಾರದ ಟ್ರ್ಯಾಕ್. ಸುಟ್ಟ ಟೈರಿನ ಘಾಟು, ಎದೆಯೊಳಗೇ ಗುಡುಗುವ ಸದ್ದು. ನಲವತ್ತು ಸುತ್ತಿನ ರೇಸು. ಇಪ್ಪತ್ತೈದನೆಯ ಸುತ್ತಿಗೆ ನಮ್ಮ ಕಾರೇ ಮುಂದೆ! ನಾನು ಕುಣಿಯುತ್ತಿದ್ದೆ. ಅಪ್ಪ ಮಾತ್ರ ಕಣ್ಣು ಮುಚ್ಚಿ, ಸದ್ದಿಗೆ ಕಿವಿಗೊಟ್ಟು ನಿಂತಿದ್ದರು. ಕಾರು ಹಾದುಹೋದಾಗಲೆಲ್ಲ ಅವರ ಹುಬ್ಬು ಗಂಟಿಕ್ಕುತ್ತಿತ್ತು.

ಪೆಟ್ರೋಲಿಗೆಂದು ಕಾರು ಒಳಗೆ ಬಂತು. ಅಪ್ಪ ಕಿಟಕಿಯಲ್ಲಿ ಕೈಹಾಕಿ, ಕೀ ತೆಗೆದು ಜೇಬಿಗಿಟ್ಟುಕೊಂಡರು.

“ಯಲ್ಲಾ, ಯಲ್ಲಾ! ಕ್ಯಾ ಕರ್ತಾ ಹೈ?” ಸಾಲೆಹ್ ಅವಸರಪಡಿಸಿ ಕೂಗಿದರು.

“ಗಾಡಿ ನಹೀ ಜಾಯೇಗಾ, ಅರ್ಬಾಬ್. ಚಕ್ಕಾ ಖರಾಬ್ ಹೈ.” ಚಕ್ರ ಕೆಟ್ಟಿದೆ, ಗಾಡಿ ಹೋಗುವುದಿಲ್ಲ ಯಜಮಾನರೇ ಎಂದರು ಅಪ್ಪ.

ಕೀ ಕೊಡದಿದ್ದರೆ ಖಲಾಸ್, ನಾಳೆಯೇ ಊರಿಗೆ ಹೊರಡು ಎಂದರು ಸಾಲೆಹ್. ಅಮ್ಮ ಓಡಿಹೋಗಿ ಅಪ್ಪನ ತೋಳು ಹಿಡಿದಳು.

“ಕೊಟ್ಟುಬಿಡಿ ಮಾರಾಯ್ರೇ. ಕೆಲಸ ಹೋದ್ರೆ ನಾವು ಎಂತ ಮಾಡುವುದು?”

“ಕೆಲಸ ಹೋದ್ರೆ ಇನ್ನೊಂದು ನೋಡುವ. ಆ ಹುಡುಗ ಹೋದ್ರೆ?”

ಉಳಿದ ಕಾರುಗಳು ಒಂದೊಂದಾಗಿ ನಮ್ಮನ್ನು ದಾಟಿಹೋದವು. ಅಪ್ಪ ಅವಸರವಿಲ್ಲದೆ ಜಾಕಿ ಕೊಟ್ಟು, ಮುಂದಿನ ಚಕ್ರ ಬಿಚ್ಚಿದರು. ಒಳಗಿನ ಬೇರಿಂಗ್ ಕಾದು ನೀಲಿಯಾಗಿ, ಚೂರುಚೂರಾಗಿ ಅವರು ಒಡ್ಡಿದ ದಪ್ಪ ಬಟ್ಟೆಗೆ ಉದುರಿತು. ಇನ್ನೊಂದೆರಡು ಸುತ್ತಿನಲ್ಲಿ ಚಕ್ರವೇ ಕಳಚಿ ಹಾರುತ್ತಿತ್ತು.

ಸಾಲೆಹ್ ಆ ಚೂರುಗಳನ್ನು ನೋಡಿದರು, ತಮ್ಮನನ್ನು ನೋಡಿದರು. ಅಪ್ಪನ ತಲೆಯನ್ನು ಎರಡೂ ಕೈಗಳಿಂದ ಹಿಡಿದು ಹಣೆಗೆ ಮುತ್ತಿಟ್ಟರು. ಅವರ ಬಿಳಿ ನಿಲುವಂಗಿಗೆಲ್ಲ ಗ್ರೀಸು.

ಮರುದಿನ ತರಗತಿಯಲ್ಲಿ ‘ನಮ್ಮ ಕಾರು ಸೋತಿತು’ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಸಾಲೆಹ್ ಈ ಕಥೆಯನ್ನು ಮತ್ರಾದ ಸೂಕಿನ ಅಂಗಡಿಗಳವರೆಗೂ ಹೇಳಿಕೊಂಡು ತಿರುಗಿದರು. ರೇಸು ಗೆಲ್ಲದ ಆ ಗ್ಯಾರೇಜಿಗೆ ಜನ ಅಪ್ಪನನ್ನೇ ಕೇಳಿಕೊಂಡು ಬರತೊಡಗಿದರು. ನಮ್ಮ ಕಟ್ಟಡ ಮುಕ್ಕಾಲು ಖಾಲಿಯಾದ ವರ್ಷವೂ ನಾವು ಅಲ್ಲೇ ಇದ್ದೆವು.

ಆ ಟ್ರ್ಯಾಕಿನ ಜಾಗದಲ್ಲಿ ಈಗ ಮನೆಗಳೆದ್ದಿವೆ. ಊರಿನಲ್ಲಿ ಅಪ್ಪ ತೀರಿಕೊಂಡಾಗ ನೋಡಲು ಬಂದವರು “ಗಲ್ಫಿನಲ್ಲಿದ್ದವರಲ್ವಾ?” ಎಂದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಈಗ ಅಮ್ಮನೂ ಇಲ್ಲ. ಅಂದು ಅಪ್ಪ ಹೇಗೆ ನಿಂತಿದ್ದರೆಂದು ಕಣ್ಣಾರೆ ಕಂಡವರು ನಮ್ಮ ಮನೆಯಲ್ಲಿ ನಾನೊಬ್ಬಳೇ.